ನಾಗ ಎದ್ದು ಹೋದ ಮೇಲೂ ನಿಂತಿರುವ ಮರ

ಮಾನ್ಯರೇ,

ಸಂರಕ್ಷಿತ ಸ್ಮಾರಕಗಳ ಹೊಣೆ ಹೊತ್ತ ಕಚೇರಿಯ ಮುಖ್ಯಸ್ಥರಾದ ತಾವು ಕಳೆದ ತಿಂಗಳು ಹೊರಡಿಸಿದ ಹತ್ತು ವರ್ಷಗಳ ನಿರ್ವಹಣಾ ಯೋಜನೆಯಲ್ಲಿ ನನ್ನ ಬಗ್ಗೆ ಒಂದು ಸುಳ್ಳು ಇದೆ. ಹೆಸರು ಹಾಕಿಲ್ಲ, ನಿಜ. ಆದರೆ ಬದಲಾಪುರದಾಚೆಯ ಹಳೆಯ ಶಿವಾಲಯದ ಉತ್ತರದ ಗೋಡೆಯನ್ನು ಸೀಳುತ್ತಿರುವ ಅಶ್ವತ್ಥ ಮರವನ್ನು 'ಸ್ಥಳೀಯ ಭಕ್ತರ ತೀವ್ರ ವಿರೋಧದಿಂದಾಗಿ' ತೆಗೆಯಲು ಸಾಧ್ಯವಾಗಿಲ್ಲ ಎಂದು ಅದರಲ್ಲಿ ಬರೆದಿದ್ದೀರಿ. ಆ ಮರದ ಬುಡದಲ್ಲಿ ಪೂಜೆ ಮಾಡುತ್ತಿದ್ದ ಭಕ್ತರೆಂದರೆ ನಾವೇ. ನಾವು ವಿರೋಧಿಸುತ್ತಿಲ್ಲ. ಒಪ್ಪಿ ಎರಡು ಮಳೆಗಾಲ ಕಳೆದಿದೆ. ಮೂರನೆಯದು ಹತ್ತಿರ ಬಂದಿದೆ, ಗೋಡೆ ಅದನ್ನು ದಾಟುವ ಹಾಗೆ ಕಾಣುವುದಿಲ್ಲ.

ಇದನ್ನು ಮರಾಠಿಯಲ್ಲಿ ಬರೆದುಕೊಟ್ಟೆವು, ಇಂಗ್ಲಿಷಿನಲ್ಲಿಯೂ ಕೊಟ್ಟೆವು. ಎರಡೂ ತಮಗೆ ಅರ್ಥವಾಗಲಿಲ್ಲವೆಂದು ತೋರುತ್ತದೆ. ಹಾಗಾಗಿ ಈ ಸಲ ಕನ್ನಡದಲ್ಲಿ, ನಮ್ಮವರ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನಾಳೆ ಗೋಡೆ ಬಿದ್ದು 'ಜನ ಬಿಡಲಿಲ್ಲ' ಎಂಬ ಮಾತು ಬಂದಾಗ, ನೆರೂಳದಿಂದ ಬದಲಾಪುರದವರೆಗೆ ನಾಲ್ಕು ಮಂದಿಗಾದರೂ ನಿಜ ಗೊತ್ತಿರಲಿ.

ನಾವು ಉಡುಪಿ ಕಡೆಯವರು. ನಮ್ಮಲ್ಲಿ ಪ್ರತಿ ಕುಟುಂಬಕ್ಕೂ ಊರಿನಲ್ಲಿ ಒಂದು ಮೂಲ ನಾಗನಿದ್ದಾನೆ. ನಾಗರ ಪಂಚಮಿಯ ದಿನ ಅಲ್ಲಿಗೆ ಹೋಗಿ ಹಾಲು, ಎಳನೀರು ಎರೆಯಬೇಕು. ಹೋಟೆಲಿನಲ್ಲಿ, ಆಫೀಸಿನಲ್ಲಿ ದುಡಿಯುವವರಿಗೆ ಆ ದಿನ ರಜೆ ಯಾರು ಕೊಡುತ್ತಾರೆ? ನನ್ನ ತಾಯಿ ಸುಂದರಿ ಬದಲಾಪುರಕ್ಕೆ ಬಂದ ಹೊಸತರಲ್ಲಿ ಈ ಶಿವಾಲಯಕ್ಕೆ ಹೋಗಿ, ಮರದಡಿ ಒರಗಿದ್ದ ಒಂದು ಕಲ್ಲಿನಲ್ಲಿ ಹೆಡೆಯೆತ್ತಿದ ಹಾವನ್ನು ಕಂಡರು. ಅರಸಿನ ಹಚ್ಚಿ ಕೈಮುಗಿದರು. ಮುಂದಿನ ವರ್ಷ ಕೋಪರಖೈರಣೆಯ ನಾಲ್ಕು ಮನೆಯವರು ಬಂದರು, ಆಮೇಲೆ ನೆರೂಳದವರು, ಡೊಂಬಿವಲಿಯವರು. ಹೀಗೆ ಮೂಲಸ್ಥಾನಕ್ಕೆ ಹೋಗಲಾಗದವರಿಗೆಲ್ಲ ಅದೇ ಮೂಲಸ್ಥಾನವಾಯಿತು.

ತಮ್ಮ ಕಚೇರಿಯ ಕಿರಿಯ ಅಧಿಕಾರಿಯೊಬ್ಬರು ಒಮ್ಮೆ ಬಂದು, ಅದು ನಾಗನ ಕಲ್ಲೇ ಅಲ್ಲ, ಬಿದ್ದುಹೋದ ಬಾಗಿಲುವಾಡದ ತುಂಡು, ಅಲಂಕಾರಕ್ಕೆ ಕೆತ್ತಿದ ಹಾವು ಎಂದು ವಿವರಿಸಿದರು. ನಾವು ತಬ್ಬಿಬ್ಬಾದೆವು. ನನ್ನ ತಾಯಿ ಮಾತ್ರ, "ಬಾಗಿಲಲ್ಲಿ ಕೂತ ನಾಗ ನಾಗ ಅಲ್ವಾ? ಬಾಗಿಲಿಲ್ಲದೆ ಒಳಗೆ ಹೋಗ್ಲಿಕ್ಕೆ ಆಗ್ತದಾ?" ಎಂದು ಕೇಳಿದರು. ಆ ಅಧಿಕಾರಿ ಒಳ್ಳೆಯ ಮನುಷ್ಯ, ನಕ್ಕರು. ಮತ್ತೆ ನಮ್ಮನ್ನು ಗೋಡೆಯ ಹಿಂಬದಿಗೆ ಕರೆದೊಯ್ದು ಬೇರು ಎಲ್ಲಿ ಹೊಕ್ಕಿದೆ, ಕಲ್ಲು ಎಲ್ಲಿ ಹೊರಕ್ಕೆ ಉಬ್ಬಿದೆ ಎಂದು ತೋರಿಸಿದರು. ಮೊದಲು ಗೋಡೆ ಬೀಳದಂತೆ ಅದಕ್ಕೆ ಊರೆ ಕೊಡಬೇಕು, ಮರ ಕಡಿದು ಬೇರು ಸಾಯಿಸಬೇಕು, ಆಮೇಲೆ ಕಲ್ಲುಗಳಿಗೆ ಗುರುತು ಹಾಕಿ ಬಿಚ್ಚಿ ಪುನಃ ಕೂರಿಸಬೇಕು ಎಂದರು. ಮರವನ್ನು ಮುಟ್ಟಲು ನೀವು ಬಿಡುತ್ತೀರಾ ಎಂದು ಕೇಳಿದರು. ಕೇಳಿದ್ದಕ್ಕೆ ನಾವು ಇಂದಿಗೂ ಅವರಿಗೆ ಋಣಿಗಳು. ಅವರನ್ನು ಬೇರೆ ಕಡೆಗೆ ವರ್ಗ ಮಾಡಿದ್ದೀರಂತೆ.

ಮಾನ್ಯರೇ, ನಾಗಬನದ ಮರದಿಂದ ನಾವು ಒಣ ಕಡ್ಡಿಯನ್ನೂ ಮುರಿಯುವುದಿಲ್ಲ. ಇದು ತಮಗೆ ಮೂಢನಂಬಿಕೆ ಎನಿಸಬಹುದು. ಹೋಟೆಲ್ ಅಡುಗೆಯಿಂದ ನಿವೃತ್ತರಾದ ನಮ್ಮ ಹಿರಿಯ ಚೆನ್ನಯಣ್ಣನ ಮನೆಯಲ್ಲಿ ಆ ಭಾನುವಾರ ಸಭೆ ಸೇರಿದಾಗ ಚಹಾ ಆರಿ ಹೋಗುವಷ್ಟು ಜಗಳವಾಯಿತು.

"ನಾಗನ ಮರಕ್ಕೆ ಕತ್ತಿ ಹಾಕ್ಲಿಕ್ಕೆ ಉಂಟಾ? ದೋಷ ಯಾರ ತಲೆಗೆ?" ಎಂದರು ಚೆನ್ನಯಣ್ಣ.

ನನ್ನ ಮಗಳು ನಿಕಿತಾಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ. "ಅಜ್ಜಿ, ದೀವಾರ್ ಗಿರ್ ಗಯೀ ತೋ ನಾಗ ಭೀ ದಬ್ ಜಾಯೇಗಾ ನಾ?" ಎಂದಳು. ಗೋಡೆ ಬಿದ್ದರೆ ನಾಗನೂ ಅದರಡಿ ಹೂತುಹೋಗುವುದಿಲ್ಲವೇ ಎಂದು ಅವಳ ಪ್ರಶ್ನೆ.

ಮರುದಿನ ನನ್ನ ತಾಯಿ ಒಬ್ಬರೇ ರಿಕ್ಷಾ ಮಾಡಿಕೊಂಡು ಹೋಗಿ ಗೋಡೆಯ ಬಿರುಕಿನೊಳಗೆ ಕೈ ಹಾಕಿ ನೋಡಿದರು. ಹಿಂದೆ ಬೆರಳು ಹೋಗುತ್ತಿದ್ದಲ್ಲಿ ಈಗ ಬಳೆಯ ಸಮೇತ ಮೊಣಕೈ ಹೋಯಿತು. ಮನೆಗೆ ಬಂದವರು, "ನಮ್ಮಿಂದಾಗಿ ಶಿವನ ಮನೆ ಬೀಳುವುದು ಬೇಡ. ಸಂಕೋಚ ಮಾಡಿಸುವ" ಎಂದರು.

ಈ ಪದ ತಮ್ಮ ಯೋಜನೆಯಲ್ಲಿಲ್ಲ, ಆದ್ದರಿಂದ ಹೇಳುತ್ತೇನೆ. ನಮ್ಮಲ್ಲಿ ಗುಡಿ ರಿಪೇರಿ ಮಾಡುವಾಗ ದೇವರ ಸಾನ್ನಿಧ್ಯವನ್ನು ಕಲಶಕ್ಕೆ ಇಳಿಸಿ, ಬಾಲಾಲಯವೆಂಬ ತಾತ್ಕಾಲಿಕ ಮನೆಯಲ್ಲಿ ಇಡುತ್ತಾರೆ. ಕೆಲಸ ಮುಗಿದ ಮೇಲೆ ಹಿಂದಕ್ಕೆ ತರುತ್ತಾರೆ. ಡೊಂಬಿವಲಿಯ ಪುರೋಹಿತರು ಬಂದು ಮರದ ಕ್ಷಮೆ ಕೇಳಿದರು, ನಾಗನ ಅಪ್ಪಣೆ ಕೇಳಿದರು. ಚೆನ್ನಯಣ್ಣನೇ ಕಲಶ ಹೊತ್ತರು. ಅವರ ವಸತಿ ಸೊಸೈಟಿಯ ಆವರಣದ ಮೂಲೆಯಲ್ಲಿ, ನೀರಿನ ಪಂಪಿನ ಪಕ್ಕದ ತಗಡಿನ ಗೂಡಿನಲ್ಲಿ ನಾಗ ಕುಳಿತ. ಕಲ್ಲು ಮರದಡಿಯಲ್ಲೇ ಇದೆ, ಹೆದರಬೇಡಿ. ಸಂರಕ್ಷಿತ ಸ್ಥಳದಿಂದ ನಾವು ಒಂದು ಹರಳನ್ನೂ ತೆಗೆದಿಲ್ಲ. ದೇವರನ್ನು ಮಾತ್ರ ತೆಗೆದಿದ್ದೇವೆ, ಅದಕ್ಕೆ ತಮ್ಮ ಕಾನೂನಿನಲ್ಲಿ ದಂಡವಿಲ್ಲವೆಂದು ನಂಬಿದ್ದೇನೆ.

ಬಾಲಾಲಯದಲ್ಲಿ ದೇವರನ್ನು ಹೆಚ್ಚು ಕಾಲ ಇಡಬಾರದು. ಮುಂದಿನ ಪಂಚಮಿಯೊಳಗೆ ಹಿಂದಕ್ಕೆ ಎಂದು ಪುರೋಹಿತರು ಹೇಳಿದ್ದರು. ಆ ಪಂಚಮಿಯೂ ಹೋಯಿತು, ಅದರ ಮರುವರ್ಷದ್ದೂ ಹೋಯಿತು. ಮರ ಹೊಸ ಚಿಗುರು ಬಿಟ್ಟು ಸುಖವಾಗಿದೆ. ತಮ್ಮ ಕಚೇರಿಯಲ್ಲಿ ಕೇಳಿದರೆ, ಮರದ ವಿಚಾರ ಇನ್ನೊಂದು ಕಚೇರಿಯದು ಎಂದರು. ಆ ಕಚೇರಿಗೆ ಹೋದರೆ, ಬೇಲಿಯ ಒಳಗಿನದು ನಮಗೆ ಸೇರಿದ್ದಲ್ಲ ಎಂದರು. ಬೇರು ಬೇಲಿಯ ಒಳಗೂ ಇದೆ, ಹೊರಗೂ ಇದೆ. ಅದಕ್ಕೆ ಯಾರ ಸಹಿಯೂ ಬೇಕಾಗಲಿಲ್ಲ.

ಇಷ್ಟಾದ ಮೇಲೆ ತಮ್ಮ ಯೋಜನೆ ಬಂತು. ದೀರ್ಘಾವಧಿಯ ಚಿಂತನೆ ಎಂದರೆ ನನಗೆ ಗೌರವವಿದೆ, ವ್ಯಂಗ್ಯವಲ್ಲ. ಸಾವಿರ ವರ್ಷ ಹಳೆಯದೆನ್ನುವ ಕಲ್ಲಿಗೆ ಹತ್ತು ವರ್ಷದ ಯೋಜನೆ ಬೇಡವೇ? ಬೇಕು. ಆದರೆ ಅದರಲ್ಲಿ ಏನಿದೆ? ಪಾರ್ಕಿಂಗ್ ಇದೆ, ಬಣ್ಣದ ದೀಪಗಳಿವೆ, ಸೆಲ್ಫಿಗೆಂದು ಒಂದು ಕಟ್ಟೆ ಇದೆ. ಆ ಕಟ್ಟೆಯಲ್ಲಿ ನಿಂತರೆ ಹಿನ್ನೆಲೆಗೆ ಬರುವುದು ಇದೇ ಉತ್ತರದ ಗೋಡೆ. ಗೋಡೆಯ ಬಗ್ಗೆ ಇರುವುದು 'ನಿರಂತರವಾಗಿ ಗಮನಿಸಲಾಗುವುದು' ಎಂಬ ಒಂದೇ ಮಾತು. ಗಮನಿಸುವವರು ಯಾರು? ಬೀಗ ಹಾಕಿದ ಗೇಟೇ, ಎಚ್ಚರಿಕೆಯ ನೀಲಿ ಫಲಕವೇ? ಈ ವಾರ ಕೊಡಬೇಕಾದ ಊರೆಯನ್ನು ಕೊಡದವರು ಹತ್ತು ವರ್ಷ ಏನನ್ನು ನಿರ್ವಹಿಸುತ್ತಾರೆ? ಕೊನೆಗೆ ಪಾರ್ಕಿಂಗ್ ಒಂದೇ ಉಳಿಯುತ್ತದೆ.

ನನಗೆ ಎಲ್ಲಕ್ಕಿಂತ ಸಿಟ್ಟು ತರಿಸಿದ್ದು ಆ 'ತೀವ್ರ ವಿರೋಧ'. ನಂಬುವ ಜನರನ್ನು ಮುಂದಿಟ್ಟುಕೊಂಡು ಕೈಕಟ್ಟಿ ಕೂರುವುದು ಎಷ್ಟು ಸುಲಭ! ನಮ್ಮ ನಂಬಿಕೆ ನಮಗೆ ಅಡ್ಡ ಬಂತು, ಜಗಳವಾಡಿ, ಅತ್ತು, ಅದನ್ನು ದಾಟಿದೆವು. ತಮಗೆ ಯಾವ ನಂಬಿಕೆ ಅಡ್ಡ ಬಂತು?

ನಾನು ಯೋಜನೆಯ ಆ ಸಾಲನ್ನು ತಾಯಿಗೆ ಓದಿ ಹೇಳಬಾರದಿತ್ತು. ಹೇಳಿದೆ. ಅವರು, "ಹಾಗಾದ್ರೆ ನಾವು ಬೇಡ ಹೇಳಿದ್ದು ಅಂತ ಆಯ್ತಾ?" ಎಂದರು.

"ಬರೆದದ್ದು ಹಾಗೆ ಅಮ್ಮ."

"ಸರಿ. ಮಳೆಗೆ ಮೊದ್ಲು ಮರ ತೆಗೀದಿದ್ರೆ ಈ ಪಂಚಮಿಗೆ ನಾಗನನ್ನು ವಾಪಸ್ ಅಲ್ಲಿಗೇ ಕರ್ಕೊಂಡು ಹೋಗುವ. ತಗಡಿನ ಅಡಿಯಲ್ಲಿ ಎಷ್ಟು ವರ್ಷ ಕೂತ್ಕೊಳ್ಳುವುದು? ಗೋಡೆ ಬೀಳುವುದಾದ್ರೆ ಬೀಳ್ಲಿ. ನಾನೂ ಅಲ್ಲೇ ಕೂತ್ಕೊಳ್ತೇನೆ."

ಇದು ಬೆದರಿಕೆಯಲ್ಲ, ನನ್ನ ತಾಯಿಯ ಸ್ವಭಾವ. ಅವರು ಹೇಳಿದ್ದನ್ನು ಮಾಡದೆ ಬಿಟ್ಟದ್ದನ್ನು ನಾನು ನೋಡಿಲ್ಲ. ಪಂಚಮಿ ಬರುವುದು ಶ್ರಾವಣದ ಜಡಿಮಳೆಯಲ್ಲಿ. ಆ ದಿನ ನಾನು ಅವರ ಕೈ ಹಿಡಿದು ಎಳೆಯಬೇಕೇ, ಪಕ್ಕದಲ್ಲಿ ಕೂರಬೇಕೇ ಎಂದು ಯೋಚಿಸುತ್ತಾ ದಿನವೂ ಲೋಕಲ್ ರೈಲು ಹತ್ತುತ್ತಿದ್ದೇನೆ. ನನಗೆ ಭಯವಾಗಿದೆ.

ಆದ್ದರಿಂದ ಕೇಳುವುದು ಇಷ್ಟೇ. ಮಳೆ ಹಿಡಿಯುವ ಮೊದಲು ಗೋಡೆಗೆ ಊರೆ ಕೊಡಿ, ಮರ ತೆಗೆಯಿರಿ. ಕಲ್ಲು ಬಿಚ್ಚಿ ಕೂರಿಸುವ ಕೆಲಸಕ್ಕೆ ಆ ಹತ್ತು ವರ್ಷದಲ್ಲಿ ಮೊದಲ ವರ್ಷವನ್ನು ಕೊಡಿ, ದೀಪಗಳು ಕಾಯಲಿ. ನಮ್ಮ ಹೆಸರಿನಲ್ಲಿ ಬರೆದ ಸುಳ್ಳನ್ನು ಹೊಡೆದುಹಾಕಿ. ಮುಂದೆ ಯೋಜನೆ ಬರೆಯುವಾಗ, ನಮ್ಮ ವಿರೋಧವನ್ನು ಊಹಿಸುವ ಬದಲು ಒಮ್ಮೆ ಬಂದು ಕೇಳಿ, ಚೆನ್ನಯಣ್ಣ ಚಹಾ ಮಾಡಿಕೊಡುತ್ತಾರೆ.

ಒಂದು ಮಾತು ಕೇಳಿದ್ದಕ್ಕೆ ನಾಗ ತನ್ನ ಜಾಗ ಬಿಟ್ಟು ಎದ್ದ. ತಾವೂ ಒಮ್ಮೆ ಕುರ್ಚಿಯಿಂದ ಏಳಿ.

ಇಂತಿ,
ತಮ್ಮ ಯೋಜನೆಯ ಪ್ರಕಾರ ತೀವ್ರವಾಗಿ ವಿರೋಧಿಸುತ್ತಿರುವ,
ಮರ ಬೀಳುವುದನ್ನೇ ಕಾಯುತ್ತಿರುವ
ಸುಂದರಿಯವರ ಮಗ ಜಯಶೀಲ,
ಬದಲಾಪುರ