ಮಾನಪ್ಪನ ಗಂಟೆ ಒಡೆದಿರಲಿಲ್ಲ

ಅತ್ತೆಯವರಿಗೆ,

ನಿಮ್ಮ ಹಿರಿಯ ಸೊಸೆ ನೀಲವ್ವ ಬರೆಯುತ್ತಿದ್ದೇನೆ. ಕುಡಚಡೆ ಸ್ಟೇಷನ್ನಿನ ಹತ್ತಿರದ ನಮ್ಮ ಹಿತ್ತಾಳೆ ಪಾತ್ರೆ ಅಂಗಡಿಯಲ್ಲಿ ನೀವು ತೀರಿಹೋದ ಮೇಲೆ ಗಾದಿಯ ಮೇಲೆ ಕೂತವಳು ನಾನೇ, ಇವತ್ತಿಗೂ ಕೂತಿರುವವಳು ನಾನೇ. ಮೂರು ಗಂಡುಮಕ್ಕಳು, ಅವರ ಹೆಂಡಂದಿರು, ಮೊಮ್ಮಕ್ಕಳು ಯಾರೂ ನನ್ನನ್ನು ಕೇಳದೆ ಹೊಸಿಲು ದಾಟುವುದಿಲ್ಲ. ಹತ್ತನೆಯ ಇಯತ್ತೆ ಪಾಸಾದ, ಚೆಂದಾಗಿ ಕಾಗದ ಬರೆಯಲು ಬರುವ ಸೊಸೆ ಬೇಕೆಂದು ಧಾರವಾಡದಿಂದ ನನ್ನನ್ನು ಆರಿಸಿ ಗೋವಾಕ್ಕೆ ತಂದವರು ನೀವು. ಒಂದು ದಿನ ನಿಮಗೇ ಕಾಗದ ಬರೆಯಬೇಕಾದೀತು ಎಂದು ಇಬ್ಬರಿಗೂ ಹೊಳೆದಿರಲಿಲ್ಲ. ನನ್ನಿಂದ ಒಂದು ತಪ್ಪಾಗಿದೆ. ಅದನ್ನು ನಿಮಗಲ್ಲದೆ ಬೇರೆ ಯಾರಿಗೆ...

ಮದುವೆಯಾದ ಮೊದಲ ವರ್ಷ ನೀವು ನನ್ನನ್ನು ಗೋಡೆಗೆ ಮುಖ ಮಾಡಿಸಿ ಕೂರಿಸುತ್ತಿದ್ದದ್ದು ನೆನಪಿದೆಯೇ? ಹಿಂದೆ ಆಳು ಕೊಡ, ತಂಬಿಗೆ, ಗಂಟೆ ಒಂದೊಂದಾಗಿ ಬಾರಿಸುತ್ತಿದ್ದ. “ಕಣ್ಣು ಮಿಂಚಿಗೆ ಮರುಳಾಗತೈತಿ. ಬೆನ್ನು ಹಾಕಿ ಕೂಡು. ಮೂರು ಸಲ ಕೇಳು, ಆಮ್ಯಾಲ ಬಾಯಿ ಬಿಡು,” ಎನ್ನುತ್ತಿದ್ದಿರಿ. ಚೊಕ್ಕ ಗಂಟೆಯ ನಾದ ಒಂದೇ ಎಳೆಯಾಗಿ ಸಣ್ಣಗಾಗುತ್ತ ಹೋಗುತ್ತದೆ, ಬಿರುಕು ಬಿಟ್ಟದ್ದಾದರೆ ಇಬ್ಬರು ಒಮ್ಮೆಲೇ ಮಾತಾಡಿದಂತೆ ಕೇಳುತ್ತದೆ ಎಂದು ಹೇಳಿಕೊಟ್ಟಿರಿ. ನಾನು ತಪ್ಪಿದಾಗ, “ನಿನ್ನ ತವರಿನಾಗ ಕೊಡಾನ ಕಾಲಿಲೆ ಒದ್ದು ನೋಡ್ತಾರೇನು?” ಎಂದು ಗಿರಾಕಿಗಳ ಮುಂದೆಯೇ ಕೇಳುತ್ತಿದ್ದಿರಿ. ಆ ಸಿಟ್ಟಿಗೇ ಕಲಿತೆ ನಾನು. ಹತ್ತು ವರ್ಷದಲ್ಲಿ ನೀಲವ್ವನ ಕಿವಿ ಎಂದರೆ ಕೋರ್ಟಿನ ಮಾತು ಎಂದು ಊರು ಅನ್ನತೊಡಗಿತು. ಆಮೇಲೆ ಯಾವಾಗಲೋ ಮೂರು ಸಲ ಕೇಳುವುದನ್ನು ಬಿಟ್ಟೆ. ಗಿರಾಕಿಯ ಎದುರು ಮತ್ತೆ ಮತ್ತೆ ಬಾರಿಸಿ ನೋಡುವುದು ಅಳುಕಿನ ಲಕ್ಷಣವೆಂದು ನನಗೆ ಕಾಣುತ್ತಿತ್ತು. ನೀವಿದ್ದಿದ್ದರೆ ಬಿಡುತ್ತಿದ್ದೆನೇ?

ನಮ್ಮ ನಡುವಿನ ಮಗನ ಮಗಳು ಅಕ್ಷತಾ ಎಲೆಕ್ಟ್ರಿಕ್ ಗಿಟಾರ್ ತಂದ ದಿನ ಮನೆಯಲ್ಲಿ ಎಲ್ಲರೂ ನನ್ನ ಮುಖ ನೋಡಿದರು. ನೀವು ಹೋಗುವಾಗ ಅವಳು ಹೊಸಿಲು ಹಿಡಿದು ನಿಲ್ಲುವ ಕೂಸು. ಈಗ ಕಾಲೇಜು ಮುಗಿಸಿ ಬೆಳಗಿನ ಹೊತ್ತು ಅಂಗಡಿಯಲ್ಲಿ ಕೂರುತ್ತಾಳೆ, ಶನಿವಾರ ಗೆಳತಿಯರ ಜೊತೆ ಕಾಣಕೋಣದ ಬೀಚಿನ ಹೋಟೆಲಿನಲ್ಲಿ ಬಾರಿಸುತ್ತಾಳೆ. ಮಧ್ಯಾಹ್ನ ಅಂಗಡಿ ಮುಚ್ಚಿದಾಗ ಮಾತ್ರ, ಅದೂ ಅಟ್ಟದ ಮೇಲೆ ಎಂದು ಷರತ್ತು ಹಾಕಿ ಒಪ್ಪಿದೆ. ಕೇಳಲು ಮಾತ್ರ ನಾನು ಒಂದು ಸಲವೂ ಮೇಲೆ ಹತ್ತಲಿಲ್ಲ. ತಂತಿ ವಾದ್ಯ, ತಂತಿಯ ಹಾಗೆ ಕೇಳುತ್ತದೆ, ಅದರಲ್ಲೇನು ಎಂದುಕೊಂಡಿದ್ದೆ.

ಕಾಣಕೋಣದ ದೇವಸ್ಥಾನಕ್ಕೆಂದು ಮಾನಪ್ಪ ಎರಕ ಹೊಯ್ದು ಕಳಿಸಿದ ದೊಡ್ಡ ಗಂಟೆ ಬಂದದ್ದೂ ಒಂದು ಮಧ್ಯಾಹ್ನವೇ. ಬೆಳಗಾವಿ ಕಡೆಯ ಆ ಮಾನಪ್ಪನೇ, ನೀವು ‘ಕಂಚಿಗೆ ಜೀವ ಕೊಡೋ ಮನುಷ್ಯಾ’ ಎನ್ನುತ್ತಿದ್ದಿರಲ್ಲ, ಅವನೇ. ಗಂಟೆ ಒಯ್ಯಲು ದೇವಸ್ಥಾನದ ಹಿರಿಯರು ಬಂದು ನನ್ನ ಬದಿಯಲ್ಲೇ ಕೂತಿದ್ದರು. ಹಿತ್ತಲಲ್ಲಿ ತೊಲೆಗೆ ಕಟ್ಟಿದ ಗಂಟೆಯನ್ನು ನಮ್ಮ ಆಳು ಕಲ್ಲಪ್ಪ ಬಾರಿಸಿದ. ನಾನು ಬೆನ್ನು ಹಾಕಿ ಕಣ್ಣು ಮುಚ್ಚಿದ್ದೆ. ಒಂದು ನಾದ ಮೇಲಕ್ಕೆ ಹೋಯಿತು, ಇನ್ನೊಂದು ಕೆಳಗಿಳಿಯಿತು, ಎರಡೂ ಒಂದಕ್ಕೊಂದು ತಿಕ್ಕಾಡುತ್ತ ಗರಗರ ಎಂದವು. “ಒಡಕು ಐತಿ,” ಎಂದೆ. ಕಲ್ಲಪ್ಪ ಒಳಗೆ ಬಂದು, “ಅವ್ವಾರ, ನನಗ ಚಲೋನ ಕೇಳಿಸ್ತಲ್ರಿ,” ಎಂದ. “ಹಂಗಾದ್ರ ನಾಳಿಂದ ನೀ ಗಾದಿ ಮ್ಯಾಲ ಕೂಡು, ನಾ ಗೋಣಿ ಹೊರ್ತೇನಿ,” ಎಂದೆ. ಹಿರಿಯರು ನಕ್ಕರು. ಅವರ ಮುಂದೆಯೇ ಮಾನಪ್ಪನಿಗೆ ಫೋನ್ ಮಾಡಿದೆ. ಅವನು, “ನೀವು ಅಂದ ಮ್ಯಾಲ ಮುಗೀತ್ರಿ ಅಕ್ಕಾರ. ಕಳಿಸಿಬಿಡ್ರಿ,” ಎಂದ. ಗಂಟೆಯ ನಾಲಗೆಗೆ ಬಟ್ಟೆ ಸುತ್ತಿ ಅದೇ ಸಂಜೆ ಲಾರಿಗೆ ಏರಿಸಿದರು.

ಅದಾಗಿ ಎರಡು ತಿಂಗಳಿಗೆ ಬೆಳಗಾವಿಯಿಂದ ಬಂದ ಗಿರಾಕಿಯೊಬ್ಬರು ಹೇಳಿದರು, ಮಾನಪ್ಪ ಕುಲುಮೆ ಆರಿಸಿದ್ದಾನಂತೆ. ಕೈ ಹೋಯಿತು, ಇನ್ನು ದೇವರ ಕೆಲಸ ಮುಟ್ಟುವುದಿಲ್ಲ ಎಂದನಂತೆ. ಮಾತು ಹರಡಿ ಬೇರೆ ಎರಡು ದೇವಸ್ಥಾನದವರೂ ಅವನಿಗೆ ಕೊಟ್ಟಿದ್ದ ಕೆಲಸವನ್ನು ವಾಪಸು ತಗೊಂಡಿದ್ದರು. ನಾನು ಏನಂದೆ ಗೊತ್ತೇ? ವಯಸ್ಸಾಯಿತು ಪಾಪ, ಎಂದೆ. ಅವನಿಗೂ ನನಗೂ ಒಂದೇ ವಯಸ್ಸು.

ಆಮೇಲಿನ ಒಂದು ಮಧ್ಯಾಹ್ನವನ್ನು ಹೇಗೆ ಹೇಳಲಿ, ಅದು ಎಚ್ಚರವೋ ಕನಸೋ ಎಂದು ನನಗೇ ಅನುಮಾನ. ಉಂಡು ಗಾದಿಯ ಮೇಲೆ ಅಡ್ಡಾಗಿದ್ದೆ. ಮುಚ್ಚಿದ ಬಾಗಿಲಿನ ಸಂದಿಯಿಂದ ಒಂದು ಗೆರೆ ಬಿಸಿಲು ಬಂದು ಸಾಲು ಕೊಡಗಳ ಮೇಲೆ ಬಿದ್ದು, ಗೋಡೆಯ ತುಂಬ ಹಳದಿ ಬೆಳಕು ನೀರಿನ ಹಾಗೆ ಅಲುಗುತ್ತಿತ್ತು. ಅದರೊಳಗಿಂದ ಗಂಟೆ ಕೇಳಿಸಿತು. ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಅದೇ ಒಡಕು. ಅಂಗಡಿಯಲ್ಲಿ ಆಗ ಬೆರಳುದ್ದದ ಪೂಜೆ ಗಂಟೆಗಳ ಹೊರತು ಬೇರೆ ಗಂಟೆಯೇ ಇರಲಿಲ್ಲ. ತೇಲುವವಳಂತೆ ಎದ್ದು, ಹಿತ್ತಲಿಗೆ ಹೋಗಿ, ಖಾಲಿ ತೊಲೆಯ ಕೆಳಗೆ ನಿಂತೆ. ನಾದ ಮೇಲಿನ ಕಿಟಕಿಯಿಂದ ಇಳಿದು ಬರುತ್ತಿತ್ತು. ಎಷ್ಟು ವರ್ಷದ ಮೇಲೋ ಅಟ್ಟದ ಮೆಟ್ಟಿಲು ಹತ್ತಿದೆ.

ಅಕ್ಷತಾ ಗಿಟಾರ್ ತೊಡೆಯ ಮೇಲಿಟ್ಟು, ಕಾಲಿನಿಂದ ಒಂದು ತಗಡಿನ ಡಬ್ಬಿ ಮೆಟ್ಟಿಕೊಂಡು ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. “ಕೂಡು. ಈ ಗಂಟಿ ಎಲ್ಲಿಂದು?” ಎಂದೆ. “ಗಂಟಿ ಅಲ್ಲಜ್ಜಿ, ಗಿಟಾರು. ಇದು ರಿಂಗ್ ಮಾಡ್ಯುಲೇಟರ್ ಅನ್ನೋ ಪೆಡಲ್,” ಎಂದಳು. ಕುಂಡಯಿಯ ಕಾರ್ಖಾನೆಯಲ್ಲಿರುವ ಗೆಳತಿ ಬೆಸುಗೆ ಹಾಕಿ ಮಾಡಿಕೊಟ್ಟಿದ್ದಂತೆ. “ಡಬ್ಬಿಯೊಳಗ ತನ್ನದ ಒಂದು ಸ್ವರ ಇರ್ತೈತಿ. ನಾ ಬಾರಿಸಿದ ಸ್ವರ ಒಳಗ ಹೋಗಿ ಅದರ ಜೋಡಿ ಕೂಡತೈತಿ. ಹೊರಗ ಬರೂವಾಗ ಎರಡನ್ನೂ ಕೂಡಿಸಿದ್ದೊಂದು, ಕಳೆದಿದ್ದೊಂದು ಬರ್ತಾವು. ಒಳಗ ಹೋದ ಎರಡೂ ಬರೂದಿಲ್ಲ.” ಡಬ್ಬಿಯ ಮೇಲಿನ ಗುಬುಟು ತಿರುಗಿಸಿ ತೋರಿಸಿದಳು. ಸ್ವರ ಜಾಗಟೆಯಾಯಿತು, ಗಂಟೆಯಾಯಿತು, ತುಂಬಿದ ಹಂಡೆಯಾಯಿತು, ಆಮೇಲೆ ಯಾವ ಪಾತ್ರೆಯೂ ಅಲ್ಲದ, ಇನ್ನೂ ಯಾರೂ ಎರಕ ಹೊಯ್ಯದ ಏನೋ ಒಂದಾಯಿತು. ಅತ್ತೆಯವರೇ, ನಾನು ಅಲ್ಲೇ ಚಾಪೆಯ ಮೇಲೆ ಕೂತುಬಿಟ್ಟೆ. ಒಳಗೆ ಹೋದ ಎರಡೂ ಹೊರಗೆ ಬರುವುದಿಲ್ಲವಂತೆ. ನಿಮ್ಮ ದನಿ, ನನ್ನ ತವರಿನ ದನಿ ಎರಡೂ ಸೇರಿ ನಾನು ಏನಾಗಿ ಹೊರಗೆ ಬಂದೆನೋ... ಬಿಡಿ. ಕೊನೆಗೆ ಕೇಳಿದೆ, “ಮಾನಪ್ಪನ ಗಂಟಿ ಬಂದ ದಿನ?” “ಅವತ್ತ ಕಲ್ಲಪ್ಪಣ್ಣ ಕಟ್ಟೋವಾಗ ಒಮ್ಮೆ ಟಣ್ ಅಂತಲ್ಲಜ್ಜಿ, ಎಷ್ಟ ಚಂದ ನಾದ ಅದು. ಅದನ್ನ ಇದರಾಗ ಹುಡುಕಾಕತ್ತಿದ್ದೆ,” ಎಂದಳು. ನಾನು ಅವತ್ತು ಒಡಕು ಎಂದದ್ದು ಗಂಟೆಯ ಜೊತೆ ಮೇಲಿನಿಂದ ಇಳಿದು ಬೆರೆತ ಇವಳ ಸ್ವರಕ್ಕೆ. ನನ್ನ ಮುಖ ನೋಡಿ ಅವಳಿಗೂ ತಿಳಿಯಿತು. “ಅಜ್ಜಿ, ಇದನ್ನ ಯಾರಿಗೂ ಹೇಳೂದು ಬ್ಯಾಡ. ನಾವಿಬ್ರ ಸುಮ್ನಿದ್ರ ಆತು,” ಎಂದಳು. ಒಂದು ವಾರ ಸುಮ್ಮನಿದ್ದೆ, ಸುಳ್ಳು ಹೇಳಲಾರೆ. ಗಾದಿಯ ಮೇಲೆ ಕೂತರೆ ಸೊಂಟಕ್ಕಿಂತ ಮೊದಲು ಕಿವಿ ನೋಯುತ್ತಿತ್ತು.

ಆಮೇಲೆ ಅವಳನ್ನೂ, ಗಿಟಾರನ್ನೂ, ಡಬ್ಬಿಯನ್ನೂ ಕರೆದುಕೊಂಡು ಮಾನಪ್ಪನ ಊರಿಗೆ ಹೊರಟೆ. ರೈಲು ಘಾಟಿನ ಸುರಂಗದೊಳಗೆ ಹೊಕ್ಕಾಗಲೆಲ್ಲ, ಕತ್ತಲಲ್ಲಿ ನೀವು ನನ್ನ ಪಕ್ಕ ಕೂತು ಏನೋ ಕೇಳುತ್ತಿದ್ದೀರಿ ಎನಿಸುತ್ತಿತ್ತು, ಬೆಳಕು ಬಂದಾಗ ಅಕ್ಷತಾ ಇರುತ್ತಿದ್ದಳು. ಮಾನಪ್ಪ ಗಂಟೆಯನ್ನು ಕರಗಿಸಿರಲಿಲ್ಲ. ಗೋಣಿ ಹೊದಿಸಿ ಮೂಲೆಯಲ್ಲಿಟ್ಟಿದ್ದ. ನಾಲಗೆಗೆ ನಾವು ಸುತ್ತಿದ ಬಟ್ಟೆ ಇನ್ನೂ ಹಾಗೇ ಇತ್ತು. “ಬಾರಿಸಿ ನೋಡ್ಲೇ ಇಲ್ಲೇನೋ?” ಎಂದೆ. “ನಿಮ್ಮ ಮಾತಿನ ಮ್ಯಾಲ ಏನ್ ನೋಡೂದ್ರಿ ಅಕ್ಕಾರ?” ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಟ್ಟೆ ಬಿಚ್ಚಿಸಿ, ನೀವು ಹೇಳಿಕೊಟ್ಟಂತೆ ಮೂರು ಸಲ ಕೇಳಿದೆ. ಮೂರು ಸಲವೂ ಒಂದೇ ಎಳೆ, ಎಲ್ಲಿ ಮುಗಿಯಿತೆಂದು ತಿಳಿಯದ ಹಾಗೆ. “ತಪ್ಪು ನಂದು ಮಾನಪ್ಪ,” ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದನ್ನು ಅಕ್ಷತಾ ಮೊದಲ ಸಲ ಕೇಳಿದ್ದಿರಬೇಕು. ಅವನಿಗೆ ನಂಬಿಕೆ ಬರಲಿಲ್ಲ. ಅವಳು ಡಬ್ಬಿ ಜೋಡಿಸಿ ಬಾರಿಸಿದಳು. ಮಾನಪ್ಪ ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿ, “ಎರಕ ಹೊಯ್ಯೂ ಮುಂಚಿನ ದಿನ ಕನಸಿನಾಗ ನನಗ ಹಿಂಗ ಕೇಳಿಸ್ತೈತಿ ತಂಗಿ. ಎಚ್ಚರಾದ ಮ್ಯಾಲ ಅದು ಸಿಗೂದಿಲ್ಲ,” ಎಂದ.

ಹೋದ ಸೋಮವಾರ ಮಾನಪ್ಪನನ್ನೂ ಗಂಟೆಯನ್ನೂ ಕರೆದುಕೊಂಡು ಕಾಣಕೋಣಕ್ಕೆ ಹೋದೆ. ಪೂಜೆಗೆ ಬಹಳ ಜನ ಸೇರಿದ್ದರು. ಹಿರಿಯರೊಬ್ಬರು ನನ್ನನ್ನು ಬದಿಗೆ ಕರೆದು, ಬಾಯೇ, ಒಳಗೆ ಕೂತು ಮಾತಾಡೋಣ, ಇಷ್ಟು ಜನರೆದುರು ಯಾಕೆ ಎಂದು ಕೊಂಕಣಿಯಲ್ಲಿ ಮೆಲ್ಲಗೆ ಹೇಳಿದರು. ಮಾನಪ್ಪನ ಹೆಸರು ಕೆಡಿಸಿದ್ದು ಜನರೆದುರಿಗೇ ಅಲ್ಲವೇ? ಸಭಾಮಂಟಪದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದೆ, ಗಂಟೆ ಚೊಕ್ಕ ಇದೆ, ಮಾನಪ್ಪನ ಕೈ ಚೊಕ್ಕ ಇದೆ, ತಪ್ಪಿದ್ದು ಕುಡಚಡೆಯ ನೀಲವ್ವನ ಕಿವಿ. ಗಂಟೆ ಅವತ್ತೇ ಕಟ್ಟಿದರು. ಅವನು ಕುಲುಮೆ ಹೊತ್ತಿಸಿದ ಸುದ್ದಿ ನಿನ್ನೆ ಬಂತು. ಆ ಎರಡು ದೇವಸ್ಥಾನದವರಿಗೂ ನನ್ನ ಕೈಯಲ್ಲೇ ಕಾಗದ ಬರೆದು ಹಾಕಿದ್ದೇನೆ. ಇವತ್ತು ಬೆಳಿಗ್ಗೆ ಬಂದ ಮೊದಲ ಗಿರಾಕಿ ಒಂದು ಹಿತ್ತಾಳೆಯ ಸಮೆ ದೀಪವನ್ನು ನನ್ನ ಮುಂದಿಟ್ಟು, “ನಾದ ಹೆಂಗೈತಿ ನೋಡ್ರಿ ಅವ್ವಾರ,” ಎಂದಾಗ ಅದನ್ನು ಅಕ್ಷತಾಳ ಕಡೆಗೆ ಸರಿಸಿ, “ಇನ್ನ ಮ್ಯಾಲ ಅಕಿನ್ನ ಕೇಳ್ರಿ,” ಎಂದೆ.

ನಿಮ್ಮ ಸೊಸೆ,
ನೀಲವ್ವ