ಶಿವರಾಮಯ್ಯನ ಗೋಡೆಗೆ ತಿರುಗಿಸಿದ ಪೈಪು

ತೋಟದ ಮನೆ, ಕುಣಿಗಲ್
25–1–2025

ನನ್ನ ತಂಗಿಯ ಮುದ್ದಿನ ಮಗಳು ಇಂಪನಾಳಿಗೆ, ನಿನ್ನ ಮಾವ ವೆಂಕಟರಂಗಯ್ಯನ ಮನಸಾರೆ ಆಶೀರ್ವಾದ.

ಒಲೆ, ಹೊಗೆ, ಪೈಪು, ಈ ಮೂರರಲ್ಲಿ ನನ್ನನ್ನು ಮೀರಿಸುವ ಇಂಜಿನಿಯರ್ ಈ ರಾಜ್ಯದಲ್ಲಿ ಇನ್ನೂ ಹುಟ್ಟಿಲ್ಲ. ಏಳನೇ ಕ್ಲಾಸಿಗೆ ಬಿಟ್ಟವನೆಂದು ಮುಸಿಮುಸಿ ನಗಬೇಡ. ರಾಕೆಟ್ ಹಾರಿಸುವವರೇ ಒಂದು ಸಲ ಕಾರಿನಲ್ಲಿ ಬಂದು, ಹೊಗೆಯನ್ನು ಯಾವ ಕಡೆ ಬಿಡಬೇಕೆಂದು ನನ್ನನ್ನು ಕೇಳಿಕೊಂಡು, ಎಳನೀರು ಕುಡಿದು ಹೋಗಿದ್ದಾರೆ.

ತಿಂಗಳಾಯಿತು, ಬರೆಯಲಿಲ್ಲ, ತಪ್ಪಾಯಿತು. ನಿಮ್ಮತ್ತೆ ಆಸ್ಪತ್ರೆಯಿಂದ ನೇರವಾಗಿ ತುಮಕೂರಿಗೆ ಬಂದು ನಿನ್ನ ಮನೆಯಲ್ಲಿ ಕೂತಿದ್ದಾಳೆ. ನನ್ನ ಫೋನು ಎತ್ತುವುದಿಲ್ಲ. ನೀನು ಎತ್ತಿದರೆ “ಅತ್ತೆ ಮಲಗವ್ರೆ ಮಾವ” ಎನ್ನುತ್ತೀಯ. ಬೆಳಗ್ಗೆ ಹನ್ನೊಂದಕ್ಕೆ ಮಲಗುವ ಹೆಂಗಸು ಹನುಮಂತಮ್ಮ ಅಲ್ಲವೇ ಅಲ್ಲ. ಅದಕ್ಕೇ ಕಾಗದ. ಕಾಗದವನ್ನು ಯಾರೂ ಕಟ್ ಮಾಡಲಾರರು.

ಇದಕ್ಕೆಲ್ಲ ಕಾರಣವಾದ ಜಗಳದ ಮೂಲ ನಿನಗೆ ಗೊತ್ತಿಲ್ಲ. ಪಕ್ಕದ ಶಿವರಾಮಯ್ಯ ಹೊಸ ಮನೆ ಕಟ್ಟಿಸಿ ಗೋಡೆಗೆ ಹಾಲಿನಂಥ ಬಿಳಿ ಬಣ್ಣ ಹೊಡೆಸಿದನಲ್ಲ, ಗೃಹಪ್ರವೇಶದ ಪಂಕ್ತಿಯಲ್ಲಿ ನನ್ನ ಎಲೆ ಮುಂದೆಯೇ ನಿಂತು ಗುಬ್ಬಿಯ ತನ್ನ ಬೀಗರಿಗೆ ಹೇಳಿದ: “ಬಣ್ಣ ಚೆನ್ನಾಗೈತೆ, ಆದ್ರೆ ನಮ್ ರಂಗಣ್ಣನ ಬಚ್ಚಲ ಹೊಗೆ ಬುಡಬೇಕಲ್ಲ! ಅವರು ಇನ್ನೂ ಕರಟ ಉರಿಸೋದ್ರಲ್ಲೇ ಅವ್ರೆ.” ಬೀಗರು ನಕ್ಕರು. ನಾನು ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಎಲೆ ಮಡಿಸಿದೆ.

ಮರುದಿನವೇ ಹಿರೇಹಳ್ಳಿಯ ವರ್ಕ್‌ಶಾಪಿಗೆ ಹೋಗಿ ಒಂದು ಎಲ್ಬೋ, ಅಂದರೆ ಮೊಣಕೈಯಂತೆ ಬಾಗಿದ ಪೈಪಿನ ತುಂಡು, ತಂದೆ. ಸೂರಿನ ಮೇಲೆ ನೆಟ್ಟಗೆ ನಿಂತಿದ್ದ ಬಚ್ಚಲ ಪೈಪನ್ನು ಕತ್ತರಿಸಿ, ಎಲ್ಬೋ ಹಾಕಿ, ಅದರ ಬಾಯಿಯನ್ನು ಅವನ ಬಿಳಿ ಗೋಡೆಗೆ ತಿರುಗಿಸಿದೆ. ಎಂಟೇ ದಿನಕ್ಕೆ ಗೋಡೆಯ ಮೇಲೆ ಎಮ್ಮೆಯಷ್ಟು ದೊಡ್ಡ ಮಸಿ. ದಿನಾ ಬೆಳಗ್ಗೆ ಕಾಫಿ ಲೋಟ ಹಿಡಿದು ಅದನ್ನು ನೋಡುತ್ತಿದ್ದೆ. ಅಂಥ ರುಚಿಯ ಕಾಫಿಯನ್ನು ನಾನು ಜನ್ಮದಲ್ಲಿ ಕುಡಿದಿಲ್ಲ.

ಅವನು ಸುಮ್ಮನಿರುತ್ತಾನೆಯೇ? ಪೈಪಿನ ಬಾಯಿಗೆ ಗೇಣುದ್ದ ದೂರದಲ್ಲಿ ಜಿಂಕ್ ಶೀಟ್ ನಿಲ್ಲಿಸಿದ. ನಾನೂ ಜಗ್ಗಲಿಲ್ಲ. ಒಲೆ ಹೊತ್ತಿಸುವಾಗ ಒಂದಿಷ್ಟು ಹೊಗೆ ಹಿಂದಕ್ಕೆ ಬರುತ್ತಿತ್ತು, ನಿಜ. ಆದರೆ ಕರಟ ಕೆಂಡವಾದ ಮೇಲೆ ಹೊಗೆಯೇ ಕಾಣುತ್ತಿರಲಿಲ್ಲ. ಕಾಣದ್ದಕ್ಕೆ ಹೆದರುವುದೇಕೆ? ಡಿಸೆಂಬರಿನ ಚಳಿಗೆ ಬಚ್ಚಲ ಕಿಂಡಿಗೆ ಗೋಣಿಚೀಲ ತುರುಕಿದವನೂ ನಾನೇ.

ನಿಮ್ಮತ್ತೆಗೆ ತಲೆನೋವು ಶುರುವಾಯಿತು. ಹಂಡೆ ಕಾಯಿಸಿ ಸ್ನಾನ ಮಾಡಿ ಬಂದರೆ ತಲೆ ಸುತ್ತು, ವಾಂತಿ. ಯಡಿಯೂರಿನ ಅವಳ ಅಕ್ಕನ ಮನೆಯಲ್ಲಿ ಎರಡು ದಿನ ಇದ್ದರೆ ಹೂವಿನ ಹಾಗೆ ಇರುತ್ತಾಳೆ. ವಾಪಸ್ ಬಂದು ಒಲೆ ಹಚ್ಚಿದರೆ ಮತ್ತೆ ಅದೇ. ಹೊರಗೆ ಹೋದರೆ ವಾಸಿ, ಒಳಗೆ ಬಂದರೆ ಕಾಯಿಲೆ! ಇದು ಶಿವರಾಮಯ್ಯ ಮಾಡಿಸಿದ ಮಾಟವಲ್ಲದೆ ಇನ್ನೇನು ಎಂದು ತೀರ್ಮಾನಿಸಿದೆ. ನಿಮ್ಮ ತುಮಕೂರಿನಲ್ಲೇ ಎ.ಸಿ. ರೂಮಿನಲ್ಲಿ ಕೂರುವ ರೇಣುಕಾಪ್ರಸಾದ್ ಗುರೂಜಿ ಕಣ್ಣು ಮುಚ್ಚಿ, “ನಿಮ್ ಗೋಡೆಗೆ ಅಂಟ್ಕೊಂಡೇ ಶತ್ರು ಅವ್ನೆ” ಎಂದ. ತಾಮ್ರದ ಒಂದು ಯಂತ್ರ ಕೊಟ್ಟು ಶತ್ರುವಿನ ಹಿತ್ತಿಲಲ್ಲಿ ಹೂಳಲು ಹೇಳಿದ. ಎರಡು ಸಾವಿರ ಹೋಯಿತು. ಆ ಯಂತ್ರ ಏನಾಯಿತೆಂದು ಕೇಳಬೇಡ.

ನಿಮ್ಮತ್ತೆ ಎಚ್ಚರ ತಪ್ಪಿ ಬಿದ್ದ ದಿನ ನಾನು ಕಾಫಿಪುಡಿ ತರಲು ಅಂಗಡಿಗೆ ಹೋಗಿದ್ದೆ ಎನ್ನುವುದು ಎಲ್ಲರಿಗೂ ಗೊತ್ತು. ಬಚ್ಚಲಲ್ಲಿ ಹಿತ್ತಾಳೆ ಚೊಂಬು ಬಿದ್ದ ಸದ್ದು ಕೇಳಿ ಬಾಗಿಲು ಒದ್ದವನು ಶಿವರಾಮಯ್ಯ. ಅವನ ಹೆಂಡತಿ ಕಲ್ಲಮ್ಮ ಸೀರೆ ಹೊದಿಸಿದಳಂತೆ, ಇವನು ಅಂಗಳಕ್ಕೆ ಹೊತ್ತು ತಂದು ಮಲಗಿಸಿದನಂತೆ. ಕುಣಿಗಲ್ ಆಸ್ಪತ್ರೆಗೆ ಸಾಗಿಸಿದ್ದೂ ಅವನ ಕಾರಿನಲ್ಲೇ.

ಡಾಕ್ಟರ್ ದೀಪಿಕಾ ಆಕ್ಸಿಜನ್ ಹಾಕಿಸಿ, ನನ್ನ ಕಡೆ ತಿರುಗಿ ಕೇಳಿದರು: “ಮನೇಲಿದ್ರೆ ತಲೆನೋವು, ಹೊರಗೆ ಹೋದ್ರೆ ಇಲ್ಲ, ಅಲ್ವಾ? ಬಚ್ಚಲಲ್ಲಿ ಒಲೆ ಇದ್ಯಾ ಯಜಮಾನ್ರೇ?” ಗುರೂಜಿಗೆ ನಾನು ದುಡ್ಡು ಕೊಟ್ಟು ಹೇಳಿದ ಮಾತನ್ನು ಈ ಹುಡುಗಿ ಪುಕ್ಕಟೆಯಾಗಿ ನನಗೇ ಹೇಳಿದಳು. ಕಾರ್ಬನ್ ಮಾನಾಕ್ಸೈಡ್ ಅಂತೆ. ಬಣ್ಣವಿಲ್ಲ, ವಾಸನೆಯಿಲ್ಲ. ಕೆಂಡದಿಂದಲೂ ಹುಟ್ಟುತ್ತದಂತೆ. ಇನ್ನು ಕಾಲು ಗಂಟೆ ತಡವಾಗಿದ್ದರೆ ಜೀವ ಉಳಿಯುತ್ತಿರಲಿಲ್ಲವಂತೆ.

ಎಲ್ಬೋ ಕಿತ್ತೆ. ಪೈಪನ್ನು ನೆಟ್ಟಗೆ ಮಾಡಿ ಸೂರಿಗಿಂತ ಮೂರಡಿ ಎತ್ತರಿಸಿ, ಮೇಲೆ ಟೋಪಿ ಹಾಕಿಸಿದೆ. ಒಳಗಿನಿಂದ ಅರ್ಧ ಬಕೆಟ್ ಮಸಿ ಬಿತ್ತು. ಕಿಂಡಿಯ ಗೋಣಿಚೀಲ ಸುಟ್ಟೆ. ಇನ್ನು ಮುಂದೆ ಕೆಂಡ ಹೊರಗೆ ತೆಗೆದು ನೀರು ಹುಯ್ದ ಮೇಲೆಯೇ ಸ್ನಾನ. ಎಲ್ಲಕ್ಕೂ ಸೇರಿ ಖರ್ಚು ಎಂಟುನೂರ ಐವತ್ತು ರೂಪಾಯಿ.

ಗುರೂಜಿಯನ್ನು ಮಾತ್ರ ಬಿಟ್ಟಿಲ್ಲ. ನಾಲ್ಕು ಗುರುವಾರದಿಂದ ಅವನ ಮೆಟ್ಟಿಲ ಮೇಲೆ ಆ ಮಸಿ ಹಿಡಿದ ಎಲ್ಬೋವನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದೇನೆ. ಬರುವವರಿಗೆಲ್ಲ, “ತಲೆನೋವಾ ತಾಯಿ? ಮೊದ್ಲು ಒಲೆ ಪೈಪ್ ನೋಡಿ, ಆಮೇಲೆ ಇವನ ಮುಖ ನೋಡಿ” ಎನ್ನುತ್ತೇನೆ. ಹನ್ನೊಂದು ಜನ ವಾಪಸ್ ಹೋದರು. ಗುರೂಜಿಯ ಶಿಷ್ಯ ಬಂದು, “ಯಜಮಾನ, ನಿನ್ ದುಡ್ಡಲ್ಲಿ ಅರ್ಧ ತಗೊಂಡು ಎದ್ದೋಗು” ಎಂದ. “ಬ್ಯಾಡ ಕಣಪ್ಪ, ಇಲ್ಲಿ ಗಾಳಿ ಚೆನ್ನಾಗೈತೆ” ಎಂದೆ. ಅವನು ಬೋರ್ಡು ಬಿಚ್ಚುವವರೆಗೂ ನಾನು ಏಳುವುದಿಲ್ಲ.

ಶಿವರಾಮಯ್ಯನ ಮೇಲೆ ಹೇಗೆ ಸೇಡು ತೀರಿಸಿಕೊಳ್ಳಲಿ ಹೇಳು? ನನ್ನ ಹೆಂಡತಿಯ ಪ್ರಾಣ ಉಳಿಸಿ ನನ್ನ ಕೈ ಕಟ್ಟಿಹಾಕಿದ್ದಾನೆ ಪಾಪಿ. ದಿನಾ ಬೆಳಗ್ಗೆ ಕಾಂಪೌಂಡಿನ ಮೇಲಿಂದ ಕತ್ತು ಚಾಚಿ, “ರಂಗಣ್ಣ, ಹೊಗೆ ಮೇಲಕ್ಕೋಗ್ತಾ ಐತಾ?” ಎಂದು ಕೇಳುತ್ತಾನೆ. ಹೋಗುತ್ತಿದೆ. ನೋಡಲು ನಿಮ್ಮತ್ತೆ ಇಲ್ಲ, ಅಷ್ಟೇ. ಒಬ್ಬನಿಗೆ ಹಂಡೆ ತುಂಬ ನೀರು ಏಕೆಂದು ತಣ್ಣೀರನ್ನೇ ಹುಯ್ದುಕೊಳ್ಳುತ್ತಿದ್ದೇನೆ. ಹೇಗಾದರೂ ಮಾಡಿ ಅವಳನ್ನು ಕಳಿಸಿಕೊಡು ತಾಯಿ.

ನಿನ್ನ ಮನೆಯ ಹೊಗೆ ಯಾವಾಗಲೂ ಮೇಲಕ್ಕೇ ಹೋಗಲಿ, ಅನ್ನ ಬಿಸಿಯಾಗಿರಲಿ.

ಇಂತಿ ನಿನ್ನ ಮಾವ,
ವೆಂಕಟರಂಗಯ್ಯ

ಮರೆತಿದ್ದು: ಇದೊಂದನ್ನು ಅವಳಿಗೆ ಓದಿ ಹೇಳು. ನಾನು ಕಾಫಿಪುಡಿ ತರಲು ಹೋಗಿರಲಿಲ್ಲ. ಶಿವರಾಮಯ್ಯನ ಹಿತ್ತಿಲಿನ ಆ ತುದಿಯಲ್ಲಿ, ತೆಂಗಿನ ಮರದ ಬುಡದಲ್ಲಿ ಯಂತ್ರ ಹೂಳುತ್ತಿದ್ದೆ. ಅವನು ಪಂಚೆ ಎತ್ತಿ ಕಟ್ಟಿ ಹುಚ್ಚನ ಹಾಗೆ ಬೀದಿಗೆ ಓಡಿದ್ದನ್ನು ನೋಡಿದೆ. ಯಂತ್ರ ಕೆಲಸ ಮಾಡಿತೆಂದು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವನು ಓಡುತ್ತಿದ್ದದ್ದು ನನ್ನ ಮನೆಗೆ. ನಾನು ನಗುತ್ತಿದ್ದಾಗ ಅವಳು ಒಳಗೆ ಬಿದ್ದಿದ್ದಳು.

ಇನ್ನೊಂದು. ಹೋದ ವರ್ಷ ಅವಳು “ಸೋಲಾರ್ ಹೀಟರ್ ಹಾಕಿಸಿ, ಈ ಒಲೆ ಮುಂದೆ ಕೂತು ಊದೋಕೆ ಆಗಲ್ಲ” ಎಂದಾಗ, “ದುಡ್ಡೇನು ಮರದಲ್ಲಿ ಬಿಡುತ್ತಾ” ಎಂದು ಗದರಿದ್ದೆ. ಕೊಬ್ಬರಿ ಮಾರಿದ ಹಣ ಬ್ಯಾಂಕಿನಲ್ಲಿದೆ ಎಂದು ಅವಳು ಇನ್ನೂ ನಂಬಿದ್ದಾಳೆ. ಇಲ್ಲ. ಗುರೂಜಿಗೆ ಕೊಟ್ಟದ್ದು ಎರಡು ಸಾವಿರವಲ್ಲ, ಮೂವತ್ತೆಂಟು ಸಾವಿರ.