ಮಂಜಿನಲ್ಲಿ ಹಾರಿಸಿದವರು

ನವೆಂಬರ್ ೯, ಬೆಳಿಗ್ಗೆ

ಪ್ಯಾಂಟುಗಳ ಝಿಪ್ ಬಾಕಿ. ಒಂದು ಕೋಟು — ಗಿರಾಕಿಗೆ ಹೊಟ್ಟೆ ಬಂದಿದೆ, ಬಿಚ್ಚಿ ಅಗಲ ಮಾಡಬೇಕು. ಹೊಲಿಗೆ ಮಷೀನಿನ ಬೆಲ್ಟ್ ಮತ್ತೆ ಜಾರುತ್ತಿದೆ. ಅಷ್ಟರಲ್ಲಿ ಡುಮ್ಮ ಬಂದ. ಅಣ್ಣನ ಮಗ. ಬಸ್ ಡಿಪೋದಲ್ಲಿ ಕಂಟ್ರೋಲರ್, ರಿಟೈರ್ ಆಗಲು ಬಂದವನು. ನನಗೆ ಇನ್ನೂ ಡುಮ್ಮನೇ. ಗುಡ್ಡದ ಬುಡದಲ್ಲಿ ಸ್ಮಾರಕದ ಕಲ್ಲು ನಿಲ್ಲಿಸುತ್ತಾರಂತೆ. ಅಣ್ಣನಿದ್ದ ವಿಮಾನ ಬಿದ್ದ ತಾರೀಖಿನಂದೇ, ಡಿಸೆಂಬರ್ ೬ಕ್ಕೆ, ಅನಾವರಣ. ಪರದೆ ಎಳೆಯುವವಳು ನಾನು — ಸತ್ತ ಐವರಲ್ಲಿ ಈ ಊರಿನವನು ನನ್ನ ಅಣ್ಣ ಒಬ್ಬನೇ, ಅವನ ತಂಗಿ ಎಂದು.

ಕಣ್ಣು ತುಂಬಿತು. ಇಷ್ಟು ವರ್ಷಕ್ಕಾದರೂ ನೆನಪಾಯಿತಲ್ಲ. ಆಮೇಲೆ, ಕಲ್ಲಿನಲ್ಲಿ ಏನು ಕೆತ್ತುತ್ತಾರೆಂದು ಓದಿದ.

"ಶತ್ರುಗಳೊಡನೆ ಸೆಣಸಿ ವೀರಮರಣ ಅಪ್ಪಿದ ಐವರು."

"ಯಾವ ಶತ್ರುನೋ? ಆ ಗುಡ್ಡದ ಮೇಲೆ ಮೇಕೆ ಬಿಟ್ರೆ ಯಾರೂ ಇರ್ಲಿಲ್ಲ."

ಡುಮ್ಮ ನಗಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಹೊರಟ.

ಸಂಜೆ

ಕೋಟಿಗೆ ಕೈ ಹಾಕಲಾಗಲಿಲ್ಲ. ಮೈಯೆಲ್ಲ ಉರಿ.

ಆಗ ಯುದ್ಧ ದೂರದಲ್ಲಿ ನಡೆಯುತ್ತಿತ್ತು. ಇಲ್ಲಿದ್ದದ್ದು ತರಬೇತಿಯ ಏರ್‌ಫೀಲ್ಡ್. ಅಣ್ಣ ಅಲ್ಲೇ, ವಿಮಾನದ ವೈರ್‌ಲೆಸ್ ಕೆಲಸ ಕಲಿಯುತ್ತಿದ್ದ. ಭಾನುವಾರ ಊಟಕ್ಕೆ ಮನೆಗೆ ಬರುತ್ತಿದ್ದ. ವಿಮಾನಗಳೆಲ್ಲ ರಣರಂಗದಲ್ಲಿ ಸವೆದು ಬಂದಂಥವು. "ಎಡಗಡೆ ಎಂಜಿನ್ ಅಜ್ಜನ ಹಂಗೆ ಕೆಮ್ಮತ್ತೆ ಕಣೇ" ಎಂದು ಕೆಮ್ಮಿ ತೋರಿಸಿ ನಗಿಸುತ್ತಿದ್ದ. ಅತ್ತಿಗೆಗೆ ಆಗ ಡುಮ್ಮ ಹೊಟ್ಟೆಯಲ್ಲಿ.

ಆ ಬೆಳಿಗ್ಗೆ ಎದುರು ಮನೆಯ ಗೇಟು ಕಾಣುತ್ತಿರಲಿಲ್ಲ, ಅಷ್ಟು ಮಂಜು. ಮಂಜು ಕರಗುವವರೆಗೆ ಕಾಯೋಣ ಎಂದು ಪೈಲಟ್ ಹುಡುಗ ಕೇಳಿಕೊಂಡನಂತೆ. ಏರ್‌ಫೀಲ್ಡಿನ ದೊಡ್ಡ ಸಾಹೇಬರಿಗೆ ತಿಂಗಳ ಹಾರಾಟದ ಲೆಕ್ಕ ತುಂಬಬೇಕಿತ್ತು. ಹತ್ತಿ ಎಂದರು. ಹತ್ತಿದರು. ವಿಮಾನ ನಮ್ಮ ಮನೆಯ ಮೇಲೇ ಹೋಯಿತು, ಕೆಮ್ಮುತ್ತ... ಆಮೇಲೆ ಗುಡ್ಡದ ಕಡೆಯಿಂದ ಆ ಸದ್ದು.

ಸಮಾಧಾನ ಹೇಳಲು ಬಂದ ಅಧಿಕಾರಿ "ಹವಾಮಾನ" ಎಂದ. "ಮಂಜಿದೆ ಅಂತ ನಮ್ಮೂರಿನ ಎಮ್ಮೆಗಳಿಗೂ ಗೊತ್ತಿತ್ತು. ನಿಮಗೆ ಗೊತ್ತಿರ್ಲಿಲ್ವಾ?" ಎಂದರು ಅಪ್ಪ. ಅವನು ಟೋಪಿ ಹಾಕಿಕೊಂಡು ಹೋದ. ಆಮೇಲೆ ಪೈಲಟ್‌ನದೇ ತಪ್ಪು ಎಂದು ಬರೆದು ಕೈ ತೊಳೆದುಕೊಂಡರು. ಸತ್ತವನು ಎದುರು ಮಾತಾಡುವುದಿಲ್ಲವಲ್ಲ!

ನವೆಂಬರ್ ೧೪

ಪುರಸಭೆಯಲ್ಲಿ ಸ್ಮಾರಕ ಸಮಿತಿಯ ಮೀಟಿಂಗ್. ಕರೆಯದಿದ್ದರೂ ಹೋದೆ. ಅಧ್ಯಕ್ಷರು ಕುರ್ಚಿ ಎಳೆದು ಕೂರಿಸಿದರು, ಬಲು ಮರ್ಯಾದೆ. ತರಬೇತಿಯಲ್ಲಿ ಸತ್ತರು ಎಂದೇ ಕೆತ್ತಿಸಿ ಎಂದೆ.

"ತರಬೇತಿ ಅಂತ ಕೆತ್ತಿದ್ರೆ ಏನಮ್ಮಾ ಚೆನ್ನಾಗಿರತ್ತೆ? ಕಲಿಯೋಕೆ ಹೋಗಿ ಬಿದ್ರು ಅಂದಂಗಾಗತ್ತೆ. ಮಕ್ಕಳಿಗೆ ಸ್ಫೂರ್ತಿ ಬೇಡ್ವಾ?"

"ಅವರು ಬೀಳ್ಲಿಲ್ಲ ಸ್ವಾಮಿ, ಬೀಳಿಸಿದ್ರು. ಶತ್ರು ಕೊಂದ ಅಂತ ಕೆತ್ತಿಬಿಟ್ರೆ, ಕಳಿಸಿದವರನ್ನ ಯಾರು ಕೇಳ್ತಾರೆ?"

"ಹಳೇದನ್ನ ಕೆದಕಿ ಏನು ಸಿಗತ್ತೆ?"

"ಹಳೇದು ಬೇಡದಿದ್ರೆ ಕಲ್ಲು ಯಾಕೆ ನಿಲ್ಲಿಸ್ತೀರಿ?"

ಡುಮ್ಮ ಅದೇ ಸಮಿತಿಯ ಕಾರ್ಯದರ್ಶಿ. ಕತ್ತು ಬಗ್ಗಿಸಿ ಪೆನ್ನಿನ ಕ್ಯಾಪ್ ತಿರುಗಿಸುತ್ತ ಕೂತಿದ್ದ. ಸ್ವಂತ ಅಪ್ಪನ ವಿಷಯ! ಕೆನ್ನೆಗೆ ಬಾರಿಸಬೇಕೆನಿಸಿತು.

ನವೆಂಬರ್ ೩೦

ಡುಮ್ಮ ಬರುವುದೇ ಬಿಟ್ಟ. ಇವತ್ತು ನಾನೇ ಡಿಪೋಗೆ ಹೋದೆ. ಗಾಜಿನ ಗೂಡಿನಂಥ ಅವನ ರೂಮು, ಸುತ್ತ ಡೀಸೆಲ್ ವಾಸನೆ. ಬೈಯಲು ಬಾಯಿ ತೆರೆದೆ. ಅವನೇ ಮೊದಲು ಮಾತು ತೆಗೆದ.

"ಅಪ್ಪ ಗುಂಡಿಗೆ ಗುಂಡು ಕೊಟ್ಟು ಸತ್ರು ಅಂತ ಅಮ್ಮ ಹೇಳ್ತಿದ್ಲು. ನಾನು ಸ್ಕೂಲಲ್ಲೆಲ್ಲಾ ಅದೇ ಹೇಳ್ದೆ ಅತ್ತೆ. ನನ್ನ ಮಕ್ಕಳಿಗೂ. ಅಮ್ಮ ಸುಳ್ಳು ಹೇಳಿದ್ಲಾ?"

ಸ್ಟೂಲು ಎಳೆದುಕೊಂಡು ಅವನೆದುರು ಕೂತೆ. ಅತ್ತಿಗೆ... ಮಗುವನ್ನು ಸೊಂಟದಲ್ಲಿಟ್ಟುಕೊಂಡು ಇನ್ನೇನು ಹೇಳಬೇಕಿತ್ತು ಅವಳು?

"ಮಗುವಿಗೆ ಹೇಳೋದು ಬೇರೆ, ಕಲ್ಲಲ್ಲಿ ಕೆತ್ತೋದು ಬೇರೆ ಕಣೋ."

ಹೊರಗೆ ಒಂದು ಬಸ್ಸು ಹಿಂದಕ್ಕೆ ಸರಿಯುತ್ತಿತ್ತು. ಅದು ನಿಂತ ಮೇಲೆ ಕೇಳಿದ.

"ಅಪ್ಪ ಹೆದರಿದ್ರಾ?"

"ಹೆದರಿದ್ದ. ಪ್ರತೀ ಸಲ ಮೇಲೇರಿದಾಗಲೂ ವಾಂತಿ ಮಾಡ್ಕೋತೀನಿ, ಒರೆಸ್ಕೊಂಡು ಕೆಲಸ ಮಾಡ್ತೀನಿ ಅಂತ ನನ್ನ ಹತ್ರ ಹೇಳಿದ್ದ. ನಮ್ಮಮ್ಮಂಗೆ ಹೇಳ್ಬೇಡ ಅಂದಿದ್ದ."

ಡುಮ್ಮ ಮುಖ ಮುಚ್ಚಿಕೊಂಡ. ಬಸ್ ಬಿಡುವ ಟೈಮ್ ಕೇಳಲು ಬಂದ ಡ್ರೈವರ್ ಒಬ್ಬ ಗಾಜಿನಾಚೆಯಿಂದಲೇ ವಾಪಸ್ ಹೋದ. ಆಮೇಲೆ ಪೈಲಟ್ ಕೇಳಿಕೊಂಡದ್ದು, ಸಾಹೇಬರು ಹತ್ತಿಸಿದ್ದು, ಎಲ್ಲ ಹೇಳಿದೆ.

ಡಿಸೆಂಬರ್ ೬, ಮಧ್ಯಾಹ್ನ

ಪರದೆ ಎಳೆದೆ. ಅದೇ ಸಾಲು. ಚಿನ್ನದ ಬಣ್ಣ ಬೇರೆ ಬಳಿದಿದ್ದಾರೆ. ಬ್ಯಾಂಡು, ಚಪ್ಪಾಳೆ. ಅಧ್ಯಕ್ಷರು ಎರಡು ಮಾತು ಆಡಿ ಎಂದು ಮೈಕು ಕೊಟ್ಟರು.

"ಈ ಕಲ್ಲು ಸುಳ್ಳು ಹೇಳ್ತಿದೆ" ಎಂದೆ. ಅಷ್ಟೇ. ಮೈಕು ಸತ್ತಿತು. ಕರೆಂಟು ಹೋಯಿತಂತೆ — ಶಾಮಿಯಾನದ ಲೈಟುಗಳು ಉರಿಯುತ್ತಲೇ ಇದ್ದವು!

ಆಗ ಡುಮ್ಮ ಎದ್ದ. ಮೈಕು ಬೇಕಿಲ್ಲದ ಗಂಟಲು. ಡಿಪೋದಲ್ಲಿ ಎಂಜಿನ್ನುಗಳ ಸದ್ದಿನ ಮೇಲೆ ಕೂಗಿ ಕೂಗಿ ಬಂದದ್ದು.

"ನಮ್ಮಪ್ಪ ಯಾರ ಜೊತೇನೂ ಸೆಣಸಲಿಲ್ಲ! ಕಲೀತಿದ್ರು! ಪೈಲಟ್ ಬೇಡ ಅಂದ್ರೂ ಮಂಜಲ್ಲಿ ಹತ್ತಿಸಿದ್ರು. ಪೈಲಟ್ ತಪ್ಪು ಮಾಡ್ಲಿಲ್ಲ! ಅವರಿಗೆ ಮೇಲೇರೋಕೆ ಹೇಳಿದವರು ಕೆಳಗೆ ಕಾಫಿ ಕುಡೀತಿದ್ರು!"

ಕಾಫಿಯ ವಿಷಯ ಅವನೇ ಸೇರಿಸಿದ್ದು. ಇರಲಿ. ಸುಳ್ಳಿರಲಾರದು.

ಅಧ್ಯಕ್ಷರು ತೋಳು ಹಿಡಿದು ಎಳೆದರು. ಅಲುಗಲಿಲ್ಲ, ಡುಮ್ಮ. ಹಿಂದಿನ ಸಾಲಿನಿಂದ ಒಬ್ಬಾಕೆ ಕೋಲೂರಿಕೊಂಡು ಎದ್ದು ಬಂದಳು. ಯಾವುದೋ ದೂರದ ಊರಿನವಳು. ಪೇಪರಿನಲ್ಲಿ ಅನಾವರಣದ ಸುದ್ದಿ ಓದಿ ಬಂದಿದ್ದಾಳೆ. ಪೈಲಟ್‌ನ ಅಕ್ಕ. ನಾಲ್ಕು ಜನರನ್ನು ಕೊಂದವನ ಮನೆ ಎಂದು ಅವಳ ತಾಯಿಯನ್ನು ಅಂಗಡಿಯವರೂ ಮಾತಾಡಿಸುತ್ತಿರಲಿಲ್ಲವಂತೆ. ಡುಮ್ಮನ ಎದುರು ನಿಂತು ಕೇಳಿದಳು:

"ಅದನ್ನ ಇನ್ನೊಂದ್ಸಲ ಹೇಳ್ತೀಯಾ ಮಗಾ?"

ಹೇಳಿದ. ಈ ಸಲ ಮೆಲ್ಲಗೆ.

ಡಿಸೆಂಬರ್ ೧೧, ಬೆಳಿಗ್ಗೆ

ಅವತ್ತಿನ ಗಲಾಟೆ ಪೇಪರಿನಲ್ಲಿ ಬಂದ ಮೇಲೆ ಅಧ್ಯಕ್ಷರಿಗೆ ಜ್ಞಾನೋದಯ. "ಕೆತ್ತುವಾಗ ಆದ ಸಣ್ಣ ಲೋಪ"ವಂತೆ. ಶತ್ರುಗಳು ಉಳಿ ಜಾರಿ ಬಂದುಬಿಟ್ಟರು ಪಾಪ! ನಾಚಿಕೆ ಇಲ್ಲದವರು. ಕಲ್ಲು ತಿದ್ದಿಸುತ್ತಾರೆ. ಹೊಸ ಸಾಲು ನಾನೇ ಕೊಡಬೇಕಂತೆ — ಚಿಕ್ಕದಾಗಿರಲಿ, ಯಾರ ಮನಸ್ಸಿಗೂ ನೋವಾಗದ ಹಾಗಿರಲಿ ಎಂದು ಡುಮ್ಮನ ಕೈಲಿ ಹೇಳಿ ಕಳಿಸಿದ್ದಾರೆ.

ಯಾರ ಮನಸ್ಸಿಗೂ! ಅಣ್ಣ ಹೋದ ಮೇಲೆ ನನ್ನಮ್ಮ ಭಾನುವಾರದ ಅಡಿಗೆಯನ್ನೇ ಬಿಟ್ಟಳು. ಅವಳ ಮನಸ್ಸು ಯಾರ ಲೆಕ್ಕದಲ್ಲಿತ್ತು?

ಡುಮ್ಮ ಅಂಗಡಿಯಲ್ಲೇ ಕಾಯುತ್ತ ಕೂತಿದ್ದಾನೆ, ಚಾಕ್‌ಪೀಸ್ ಮುರಿಯುತ್ತ. "ಬರೀರಿ ಅತ್ತೆ, ನಿಮಗೆ ಹೆಂಗೆ ಬರತ್ತೋ ಹಂಗೆ. ನಾನು ನಿಂತು ಕೆತ್ತಿಸ್ತೀನಿ."

ಇಲ್ಲೇ ಬರೆದು ನೋಡುತ್ತೇನೆ.

ಮಂಜು ದಟ್ಟವಾಗಿದೆ, ಎಂಜಿನ್ ಸರಿಯಿಲ್ಲ ಎಂದು ಗೊತ್ತಿದ್ದೂ ಈ ಐವರು ಹುಡುಗರನ್ನು ಮೇಲೆ ಕಳಿಸಿದವರು ಶತ್ರುಗಳಲ್ಲ, ನಮ್ಮವರೇ.